ಊರವರು ಕರೆದ ಹಾಗೆ

ರಾಂಚೊ ಬರ್ನಾರ್ಡೊ, ಸ್ಯಾನ್ ಡಿಯೇಗೊ
ಮಂಗಳವಾರ, 18 ಅಕ್ಟೋಬರ್ 2022

ಪ್ರೀತಿಯ ಚೆನ್ನಕ್ಕ,

ಮೊದಲು ನಿಮ್ಮ ಬೆನ್ನು ಹೇಗಿದೆ ಹೇಳಿ. ಬೀಜದ ಚೀಲ ಎತ್ತಲು ಹೋಗಿ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲವಂತೆ, ಬಗ್ಗಿ ಏಳುವಾಗ ಗೋಡೆ ಹಿಡಿದುಕೊಳ್ಳುತ್ತೀರಂತೆ. ಮಾವನವರು ನಿಮ್ಮ ತಮ್ಮನ ಹತ್ತಿರ ಹೇಳಿದರು. ಹಿಂಗಾರಿ ಬಿತ್ತನೆಯ ಹೊತ್ತು, ಅಂಗಡಿಯಲ್ಲಿ ಕಡಲೆ, ಜೋಳದ ಬೀಜಕ್ಕೆ ಜನ ಮುಗಿಬಿದ್ದಿರುತ್ತಾರೆ, ಗೊತ್ತು. ಆದರೂ ಪವನ ಕಾಲೇಜಿನಿಂದ ಬರುವ ತನಕ ಚೀಲ ಇದ್ದಲ್ಲೇ ಇರಲಿ. ಮಗನಿಗೆ ಅಷ್ಟುದ್ದ ಬೆನ್ನು ಕೊಟ್ಟಿದ್ದೀರಲ್ಲ, ಅದೂ ಒಂದಿಷ್ಟು ಉಪಯೋಗಕ್ಕೆ ಬರಲಿ. ಮಾವನವರ ಸಕ್ಕರೆ ಹತೋಟಿಯಲ್ಲಿದೆಯೇ? ದೀಪಾವಳಿಗೆ ಹೋಳಿಗೆ ಮಾಡಿದರೆ ಡಬ್ಬಿಯನ್ನು ಈ ಸಲ ಎಲ್ಲಿ ಬಚ್ಚಿಡುತ್ತೀರಿ? ಹೋದ ವರ್ಷ ಅಂಗಡಿಯಲ್ಲಿ ಸೌತೆ ಬೀಜದ ಡಬ್ಬಿಗಳ ಹಿಂದೆ ಇಟ್ಟರೂ ಹುಡುಕಿದರಂತೆ.

ನಾವು ಚೆನ್ನಾಗಿದ್ದೇವೆ. ಅಂದರೆ ಕೂಸು ಚೆನ್ನಾಗಿದ್ದಾಳೆ, ನಿದ್ದೆ ಮಾಡುವುದಿಲ್ಲ. ನಾನು ಚೆನ್ನಾಗಿದ್ದೇನೆ, ನಿದ್ದೆ ಮಾಡುವುದಿಲ್ಲ. ನಿಮ್ಮ ತಮ್ಮ ನಿದ್ದೆ ಮಾಡುತ್ತಾರೆ, ಬೆಳಿಗ್ಗೆ ಎದ್ದು 'ರಾತ್ರಿ ಏನಾದರೂ ಅತ್ತಳಾ?' ಅಂತ ಕೇಳುತ್ತಾರೆ. ನಿದ್ದೆಗೆಟ್ಟು ನನ್ನ ತಲೆ ಹೇಗಾಗಿದೆ ಅಂದರೆ ನಿನ್ನೆ ಹಾಲಿನ ಬಾಟಲಿ ಬೀರುವಿನಲ್ಲಿಟ್ಟು ಮಡಿಚಿದ ಕುಲಾವಿಯನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವುದು, ಹಿಡಿದ ಬೆರಳು ತಣ್ಣಗಿದ್ದು ಅವಳು ಎಚ್ಚರವಾಗುವುದು, ಆಮೇಲೆ ಇಬ್ಬರೂ ಅಳುವುದು. ನೀವು ಪವನನನ್ನು ಹೇಗೆ ಬೆಳೆಸಿದಿರೋ, ಅದನ್ನೆಲ್ಲ ಕೂತು ಕೇಳಬೇಕು ಅಂತ ಬಹಳ ಅನಿಸುತ್ತದೆ. ಆದರೆ ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ.

ಇದನ್ನು ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ, ಸ್ಟೀರಿಂಗಿಗೆ ಪ್ಯಾಡು ಒರಗಿಸಿಕೊಂಡು. ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡಿ. ನಿಮ್ಮ ಸೊಸೆ ಹಿಂದಿನ ಸೀಟಿನಲ್ಲಿ ಮಲಗಿದ್ದಾಳೆ. ಮನೆಯ ತೊಟ್ಟಿಲು ಅವಳಿಗೆ ಆಗುವುದಿಲ್ಲ, ಓಡುವ ಕಾರೇ ಬೇಕು. ನಿಂತರೂ ಇಂಜಿನ್ ಗುಂಯ್ ಅನ್ನುತ್ತಿರಬೇಕು. ಎದುರಿಗೆ ಮಕ್ಕಳ ಡಾಕ್ಟರ ಕ್ಲಿನಿಕ್ಕು. ಇವತ್ತು ಎರಡು ತಿಂಗಳ ಸೂಜಿ. ಹನ್ನೊಂದೂವರೆಗೆ ಬರಹೇಳಿದ್ದಾರೆ, ಅವಳು ನಿದ್ದೆ ಹೋಗಲಿ ಎಂದು ನಾನು ಬೇಗನೇ ಹೊರಟು ಊರೆಲ್ಲ ಸುತ್ತಿ ಬಂದು ನಿಂತಿದ್ದೇನೆ. ಸೂಜಿಯ ಭಯ ಒಂದಾದರೆ ಇನ್ನೊಂದು ಭಯ ಹೆಸರಿನದು. ಹುಟ್ಟಿದ ದಿನದಿಂದ ಇಲ್ಲಿ ಅವಳ ಹೆಸರು 'ಬೇಬಿ ಗರ್ಲ್ ಕರಿಬಸಪ್ಪ'. ನಿಮ್ಮ ತಮ್ಮನ ಪಾಸ್‌ಪೋರ್ಟಿನಲ್ಲಿ ಮಾವನವರ ಹೆಸರೇ ಕೊನೆಯ ಹೆಸರಾಗಿ ಕೂತಿದೆಯಲ್ಲ, ಅದು ಹಾಗೇ ಮಗಳಿಗೂ ಬಂತು. ಇದನ್ನು ಮಾವನವರಿಗೆ ಹೇಳಿದಾಗ 'ಈ ವಯಸ್ಸಿನಾಗ ನನ್ನ ಬೇಬಿ ಗರ್ಲ್ ಮಾಡಿದ್ರಲ್ಲವಾ' ಅಂತ ಕೆಮ್ಮು ಬರುವವರೆಗೂ ನಕ್ಕಿದ್ದರು. ಹುಟ್ಟಿದ ದಾಖಲೆಗೆ ಹೆಸರನ್ನು ಆಮೇಲೆ ಸೇರಿಸಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಎಷ್ಟು ಆಮೇಲೆ? ಕ್ಲಿನಿಕ್ಕಿನವರು ಹೋದ ಸಲವೇ, ಮುಂದಿನ ಸಲ ಹೆಸರು ತಗೊಂಡೇ ಬನ್ನಿ ಅಂದಿದ್ದಾರೆ. ನಿಮ್ಮ ತಮ್ಮನನ್ನು ಕೇಳಿದರೆ 'ನಾನು ಅಕ್ಕನ ಕಡೆಗೂ ಇಲ್ಲ, ನಿನ್ನ ಕಡೆಗೂ ಇಲ್ಲ' ಎಂದು ಕಾರ್ಲ್ಸ್‌ಬಾಡಿನ ಆಫೀಸಿಗೆ ಹೋಗಿ ಕೂತಿದ್ದಾರೆ. ಎರಡೂ ಕಡೆಗೆ ಇಲ್ಲದವರಿಗೆ ಮೀಟಿಂಗು ಬಹಳ ಇರುತ್ತದೆ.

ನಿಮಗೆ ಕೋಪ ಬಂದಿದ್ದರಲ್ಲಿ ತಪ್ಪಿಲ್ಲ. ಹೆಸರನ್ನು ಕಿವಿಯಲ್ಲಿ ಹೇಳಬೇಕಾದವರು ನೀವು, ಸೋದರತ್ತೆ. ನಿಮ್ಮ ವೀಸಾ ಸಂದರ್ಶನಕ್ಕೆ ದಿನ ಕೇಳಿದರೆ ಎರಡು ಸಾವಿರದ ಇಪ್ಪತ್ನಾಲ್ಕನೇ ಇಸವಿ ತೋರಿಸಿತು. ಅಷ್ಟರಲ್ಲಿ ಕೂಸು ನಡೆಯುತ್ತಾ ಬಂದು ತನ್ನ ಹೆಸರೇನು ಅಂತ ಅವಳೇ ಕೇಳುತ್ತಾಳೆ. ಆ ಸಂಕಟದಲ್ಲಿ ನೀವಿದ್ದಾಗ ನಾನು ಫೋನಿನಲ್ಲಿ 'ಅತ್ತೆಯವರ ಹೆಸರು ಮನೆಯಲ್ಲಿ ಕರೆಯೋಣ ಅಕ್ಕಾ, ಹೊರಗೆ ಮಾಯಾ ಅಂತಿರಲಿ, ಎರಡೂ ದೇಶದಲ್ಲಿ ನಡೆಯುತ್ತೆ' ಅಂದೆ. ನೀವು 'ಅಲ್ಲಿಯವರ ನಾಲಿಗಿಗೆ ತ್ರಾಸ ಆಗ್ತೈತಿ ಅಂತ ನಮ್ಮವ್ವನ ಹೆಸರು ಬ್ಯಾಡಾತೇನು?' ಅಂದಿರಿ. ಆಮೇಲೆ ಫೋನು ಇಟ್ಟಿರಿ. ಭಾನುಮತಿ ಎಂಬ ಹೆಸರು ನನಗೆ ಬೇಡವಾಗಿಲ್ಲ, ಚೆನ್ನಕ್ಕ. ನನಗೆ ಹೆದರಿಕೆ. ಯಾತರ ಹೆದರಿಕೆ ಎಂಬುದನ್ನು ಅವತ್ತು ಹೇಳಲು ಬಿಡುವಾಗಲಿಲ್ಲ, ಇವತ್ತು ಹೇಳುತ್ತೇನೆ.

ಹರ್ಷಿತಾ ಎಂಬ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ನಟ್ಟನಡುವೆ ಒಂದು ಹೊಲಸು ಮಾತು ಬಂದು ಕೂರುತ್ತದೆ. ಯಾವುದು ಅಂತ ಪವನನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ, ಹೇಳಲು ಮಾತ್ರ ನಾಚಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದ್ದು ಇಲ್ಲಿ ಎಂ.ಎಸ್. ಓದಲು ಬಂದ ಮೊದಲನೇ ವಾರ ತರಗತಿಯಲ್ಲಿ ಪರದೆಯ ಮೇಲೆ ದೊಡ್ಡದಾಗಿ ಬಿತ್ತು. ಯಾರೂ ಜೋರಾಗಿ ನಗಲಿಲ್ಲ, ಅದೇ ಕಷ್ಟವಾಗಿದ್ದು. ಅವತ್ತಿನಿಂದ ನಾನು ಆಫೀಸಿನಲ್ಲಿ 'ಹರ್ಷ', ಕಾಫಿ ಅಂಗಡಿಯಲ್ಲಿ 'ಹೆನಾ'. ಡಾಕ್ಟರ ಬಳಿ, ಬ್ಯಾಂಕಿನಲ್ಲಿ, ಎಲ್ಲಿ ಕೂತರೂ, ಹೆಸರು ಕರೆಯಲು ಬಂದವರು ಕಾಗದ ನೋಡಿ ಒಂದು ಗಳಿಗೆ ತಡೆದರೆ ಸಾಕು, ನಾನು ಎದ್ದುಬಿಡುತ್ತೇನೆ. ಅವರು ಬಾಯಿ ತೆರೆಯುವ ಮೊದಲೇ 'ನಾನೇ, ನಾನೇ' ಅನ್ನುತ್ತಾ ಬ್ಯಾಗು ಹೆಗಲಿಗೇರಿಸುತ್ತೇನೆ. ನನ್ನ ಮಗಳೂ ಹಾಗೆ ಎದ್ದು ನಿಲ್ಲುವುದು ನನ್ನ ಕಣ್ಣಮುಂದೆ ಬರುತ್ತದೆ. ಮಾಯಾ ಅಂದರೆ ಯಾರೂ ತಡೆಯುವುದಿಲ್ಲ, ಅವಳು ಕೂತೇ ಇರಬಹುದು, ಅಷ್ಟೇ ನನ್ನ ಲೆಕ್ಕ.

ಈಗ ಸ್ವಲ್ಪ ಬೇರೆ ಕಥೆ ಕೇಳಿ. ಬೇರೆಯದೂ ಅಲ್ಲ, ಕೊನೆಗೆ ಇಲ್ಲಿಗೇ ಬರುತ್ತದೆ. ಕೂಸನ್ನು ಮಲಗಿಸಲು ಕಾರಿನಲ್ಲಿ ಸುತ್ತುತ್ತೇನಲ್ಲ, ಆಗ ನನಗೊಂದು ಹುಚ್ಚು ಹಿಡಿದಿದೆ. ದಾರಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದುವುದು. ನಿದ್ದೆ ಬಂದು ನಾನು ತೂಕಡಿಸದಿರಲಿ ಅಂತ ಶುರುವಾದದ್ದು. ಅವಳಿಗೂ ನನ್ನ ದನಿ ಕೇಳಿದರೆ ಹಿತ. ಆದರೆ ಈ ಊರಿನ ಹೆಸರುಗಳು ಬರೆದಂತೆ ಓದುವಂಥವಲ್ಲ. ನಮ್ಮ ಪಕ್ಕದ ಊರನ್ನು ನಾನು ವರ್ಷಗಟ್ಟಲೆ 'ಪೊವಾಯ್' ಅನ್ನುತ್ತಿದ್ದೆ, ಊರವರಿಗೆ ಅದು 'ಪವ್ವೇ'. ಸಮುದ್ರದ ದಂಡೆಯ ಲಾ ಹೋಯಾವನ್ನು ಹೊಸಬರೆಲ್ಲ 'ಲಾ ಜೊಲ್ಲಾ' ಅಂತಾರೆ, ಅದೊಂದನ್ನು ಮಾತ್ರ ಇಳಿದ ವಾರವೇ ಕಲಿಸುತ್ತಾರೆ. ಬರೆಯುವಾಗ ಜ, ಅನ್ನುವಾಗ ಹ, ಇದು ಸ್ಪ್ಯಾನಿಷ್ ಪದ್ಧತಿ. ಸರಿ, ನಿಯಮ ಸಿಕ್ಕಿತು ಎಂದು ಖುಷಿಯಾಗಿ ಆ ಕಡೆ ಎಲ್ ಕಹೋನಿಗೆ ಹೋದರೆ ಅಲ್ಲೊಂದು ರಸ್ತೆ, ಬೋರ್ಡಿನಲ್ಲಿ 'ಜಮಾಚಾ'. ನನ್ನ ನಿಯಮದ ಪ್ರಕಾರ 'ಹಮಾಚಾ' ಆಗಬೇಕು. ಊರವರು 'ಹ್ಯಾಮಶಾ' ಅಂತಾರೆ. ಅದು ಸ್ಪ್ಯಾನಿಷ್ಷೂ ಅಲ್ಲ, ಇಂಗ್ಲಿಷೂ ಅಲ್ಲ. ಅವರಿಗಿಂತ ಮೊದಲು ಇಲ್ಲಿದ್ದ ಮೂಲನಿವಾಸಿಗಳ ಹಳ್ಳಿಯ ಹೆಸರಂತೆ, ಬಾಯಿಂದ ಬಾಯಿಗೆ ಬಂದು ಹಾಗಾಗಿದೆ. ಗಾರ್ನೆಟ್ ಎಂಬ ಹರಳಿನ ಹೆಸರಿನ ರಸ್ತೆಯೊಂದಿದೆ, ಶುದ್ಧ ಇಂಗ್ಲಿಷ್ ಪದ. ಅದನ್ನೂ ಆ ಪೇಟೆಯವರು ಹಿಂಭಾಗಕ್ಕೆ ಒತ್ತು ಕೊಟ್ಟು 'ಗಾರ್‌ನೆಟ್ಟ್' ಎಂದು ಎಳೆಯುತ್ತಾರೆ. ಯಾಕೆ ಅಂತ ಕೇಳಿದರೆ ಭುಜ ಕುಣಿಸುತ್ತಾರೆ. ಇನ್ನು ಪೆನ್ಯಾಸ್ಕೀಟೋಸ್ ಎಂಬ ನಮ್ಮ ನೆರೆಯ ಬಡಾವಣೆಗೆ ಯಾರೂ ಕೈಯೇ ಹಚ್ಚುವುದಿಲ್ಲ, 'ಪಿ.ಕ್ಯೂ.' ಅಂದು ಮುಗಿಸುತ್ತಾರೆ. ನಿಮ್ಮ ಅಂಗಡಿಗೆ ಬರುವ ರೈತರು ಬೀಜದ ಕಂಪನಿಯ ಉದ್ದ ಹೆಸರು ಬಿಟ್ಟು 'ಆ ಕೆಂಪು ಪಾಕೀಟಿಂದು ಕೊಡ್ರಿ' ಅನ್ನುವುದಿಲ್ಲವೇ, ಹಾಗೆ.

ಲಾಸ್ ಏಂಜಲೀಸಿನಲ್ಲಿ ಇನ್ನೊಂದು ತರಹ. ನನ್ನ ಎಂ.ಎಸ್. ಗೆಳತಿ, ಮಂಗಳೂರಿನ ನಮ್ರತಾ, ವುಡ್‌ಲ್ಯಾಂಡ್ ಹಿಲ್ಸಿನಲ್ಲಿದ್ದಾಳೆ. ಕೂಸನ್ನು ನೋಡಲು ಅಂಟಿನುಂಡೆ ಹೊತ್ತುಕೊಂಡು ಬಂದಿದ್ದಳು. ನಾನು ಅಲ್ಲಿಯ ಲೋಸ್ ಫೆಲೀಸ್ ಎಂಬ ಪೇಟೆಯ ಮಾತೆತ್ತಿದೆ. 'ಫೆಲೀಸ್ ಅಂದ್ರೆ ನೀನು ಹೊಸಬಳು ಅಂತ ಗೊತ್ತಾಗ್ತದೆ ಮಾರಾಯ್ತಿ, ಫೀಲಿಸ್ ಅನ್ನಬೇಕು' ಅಂದಳು. ಸ್ಪ್ಯಾನಿಷ್ ಪ್ರಕಾರ ನಾನೇ ಸರಿ ಎಂದು ವಾದ ಮಾಡಿದೆ. ಅವಳು ಉಂಡೆ ಬಾಯಿಗೆ ಹಾಕಿಕೊಂಡು, 'ಸರಿ ಇದ್ದುಕೋ, ದಾರಿ ಕೇಳಿದ್ರೆ ಯಾರೂ ತೋರಿಸುವುದಿಲ್ಲ' ಅಂದಳು. ಅವಳ ಮಗಳು ಪ್ರಣತಿಗೆ ಆರು ವರ್ಷ. ಶಾಲೆಯಲ್ಲಿ ಅವಳು 'ಪ್ರನಾಡಿ'. ಅವಳೇ ತನ್ನನ್ನು ಹಾಗೆ ಹೇಳಿಕೊಳ್ಳುತ್ತಾಳೆ, ನನ್ನೆದುರಿಗೇ ಹೇಳಿದಳು. ನಿನಗೆ ಬೇಸರವಾಗುವುದಿಲ್ಲವೇ ಎಂದರೆ ನಮ್ರತಾ, 'ಶಾಲೆಯಲ್ಲೊಂದು, ಮನೆಯಲ್ಲೊಂದು, ಎರಡಕ್ಕೂ ತಿರುಗುತ್ತಾಳೆ. ಊಟಕ್ಕೆ ಕರೆದರೆ ಮಾತ್ರ ಯಾವುದಕ್ಕೂ ತಿರುಗುವುದಿಲ್ಲ' ಎಂದು ನಕ್ಕಳು. ಅವಳು ಹೋದ ಮೇಲೆ ನಾನು ಆ ಮಾತನ್ನೇ ಹಿಡಿದುಕೊಂಡು ತಿರುಗಿಸುತ್ತಿದ್ದೆ. ಧೈರ್ಯಕ್ಕೆ ಹೇಳಿದಳೋ, ಸೋತು ಹೇಳಿದಳೋ, ಗೊತ್ತಾಗಲಿಲ್ಲ.

ಆಮೇಲೆ ಸಾನ್ ಪೀಡ್ರೊ. ಇದನ್ನು ನಿಮಗೆ ಹೇಳಲೇಬೇಕು. ನಮ್ಮ ಪಕ್ಕದ ಮನೆಯಲ್ಲಿ ಡೊಲೊರೆಸ್ ಅಂತ ಒಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಅಜ್ಜಿ ಮೆಕ್ಸಿಕೊದಿಂದ ಬಂದವರು, ಇವರು ಹುಟ್ಟಿದ್ದು ಲಾಸ್ ಏಂಜಲೀಸಿನ ಬಂದರಿನ ಪೇಟೆಯಲ್ಲಿ. ಬಾಣಂತಿ ಎಂದು ನನಗೆ ದಿನ ಬಿಟ್ಟು ದಿನ ಸೂಪು ತಂದುಕೊಡುತ್ತಾರೆ, ಕೋಳಿ ಹಾಕದೆ ಮಾಡಿದ್ದು ಎಂದು ಪ್ರತಿ ಸಲವೂ ಆಣೆ ಮಾಡುತ್ತಾರೆ. ಕಣ್ಣಿನ ಪೊರೆ ತೆಗೆಸಿದ್ದರಿಂದ ಅವರಿಗೆ ಸದ್ಯ ಡ್ರೈವ್ ಮಾಡುವಂತಿಲ್ಲ. ಒಂದು ಶನಿವಾರ ಅಲ್ಲಿರುವ ತಮ್ಮನನ್ನು ನೋಡಬೇಕಿತ್ತು. ಹೇಗೂ ಕೂಸಿಗೆ ಕಾರು ಬೇಕು, ನಿಮಗೆ ಊರು ಬೇಕು, ಬನ್ನಿ ಅಂದೆ. ನಿಮ್ಮ ತಮ್ಮ ಹಿಂದೆ ಕೂಸಿನ ಪಕ್ಕ ಕೂತರು, ಡೊಲೊರೆಸ್ ನನ್ನ ಪಕ್ಕ. ದಾರಿಯುದ್ದಕ್ಕೂ ನಾನು ಬೋರ್ಡು ಓದುವುದು, ಅವರು ತಿದ್ದುವುದು. ನಾನು 'ಸೆಪುಲ್‌ವೇದಾ' ಅಂದರೆ ಅವರು 'ಸಪಲ್ವಿಡಾ'. ಲಾಸ್ ಏಂಜಲೀಸ್ ಎಂಬ ಹೆಸರನ್ನೇ ಅವರ ಕಾಲದ ಮುದುಕರು 'ಲಾಸ್ ಆಂಗಲೀಸ್' ಎಂದು ಗಂಟಲಿನಿಂದ ಹೇಳುತ್ತಿದ್ದರಂತೆ. ಯಾವುದು ಸರಿ ಅಂತ ಪತ್ರಿಕೆಗಳಲ್ಲಿ ಜಗಳವೇ ನಡೆದಿತ್ತಂತೆ. 'ಆಮೇಲೆ ಏನಾಯಿತು?' ಅಂದೆ. 'ಆಮೇಲೆ ಟ್ರಾಫಿಕ್ ಬಂತು, ಎಲ್ಲರೂ ಎಲ್.ಎ. ಅಂದರು' ಅಂದರು.

ನಾನು ಆ ಪ್ರಯಾಣಕ್ಕೆ ತಯಾರಿ ಮಾಡಿದ್ದೆ, ಚೆನ್ನಕ್ಕ. ಪರಭಾಷೆಯವರ ಮನೆಗೆ ಹೋಗುವಾಗ ಅವರ ಊರಿನ ಹೆಸರನ್ನಾದರೂ ಸರಿಯಾಗಿ ಹೇಳಬೇಕು, ನನ್ನ ಹೆಸರಿಗೆ ಆದದ್ದನ್ನು ನಾನು ಇನ್ನೊಬ್ಬರಿಗೆ ಮಾಡಬಾರದು ಎಂದು ಫೋನಿನಲ್ಲಿ ಸ್ಪ್ಯಾನಿಷ್ ಪಾಠ ಹಾಕಿಕೊಂಡು 'ಸಾನ್ ಪೇದ್ರೊ, ಸಾನ್ ಪೇದ್ರೊ' ಎಂದು ಅಭ್ಯಾಸ ಮಾಡಿದ್ದೆ. ಅವರ ತಮ್ಮನ ಮನೆಯ ಮೆಟ್ಟಿಲಲ್ಲಿ ಕೂತರೆ ಬಂದರಿನ ಕ್ರೇನುಗಳು ಸಾಲಾಗಿ ಕಾಣುತ್ತವೆ. ನಾನು ದ ಎಂಬುದನ್ನು ಹಲ್ಲಿಗೆ ತಾಗಿಸಿ, 'ನಿಮ್ಮ ಸಾನ್ ಪೇದ್ರೊ ಬಹಳ ಚೆನ್ನಾಗಿದೆ' ಅಂದೆ. ಆ ಮನುಷ್ಯ ಟೋಪಿ ಸರಿಮಾಡಿಕೊಂಡು, 'ಪೇದ್ರೊ ನನ್ನ ಷಡ್ಡಕನ ಹೆಸರು. ಊರು ಪೀಡ್ರೊ' ಅಂದರು. ನಿಮ್ಮ ತಮ್ಮ ನಕ್ಕಿದ್ದಕ್ಕೆ ಕೂಸು ಎಚ್ಚರವಾಯಿತು. ನನಗೆ ಅವಮಾನವಾಗಲಿಲ್ಲ, ಸೋಜಿಗವಾಯಿತು. ಅದು ಅವರ ಭಾಷೆಯ ಹೆಸರು, ಅವರೇ ಅದನ್ನು ಇಂಗ್ಲಿಷಿನವರ ಹಾಗೆ ಹೇಳುತ್ತಾರೆ, ಸರಿಯಾಗಿ ಹೇಳಿದವಳನ್ನು ಹೊರಗಿನವಳು ಅಂತಾರೆ. ವಾಪಸ್ ಬರುವಾಗ ಕೇಳಿದೆ, ನಿಮ್ಮ ಅಜ್ಜಿಯೂ ಪೀಡ್ರೊ ಅನ್ನುತ್ತಿದ್ದರೇ ಎಂದು. 'ಅಡುಗೆಮನೆಯಲ್ಲಿ ಪೇದ್ರೊ, ಬಸ್ಸಿನಲ್ಲಿ ಪೀಡ್ರೊ' ಅಂದರು. 'ಬಸ್ಸು ಎರಡಕ್ಕೂ ಒಂದೇ ಕಡೆ ನಿಲ್ಲುತ್ತಿತ್ತು.'

ಅದೇ ದಾರಿಯಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಅವರು ಬಹಳ ವರ್ಷ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ರಿಸೆಪ್ಷನಿಸ್ಟ್ ಆಗಿದ್ದವರು. ಹೆಸರು ಕರೆಯುವುದೇ ಕೆಲಸ. ವಿಯೆಟ್ನಾಮಿನವರು, ಇರಾನಿನವರು, ನಮ್ಮವರು, ಎಲ್ಲ ಬರುತ್ತಿದ್ದರಂತೆ. 'ನಿಮ್ಮಂಥವರ ಮೇಲೆ ನನಗೆ ಸಿಟ್ಟು' ಅಂದರು. ಯಾಕೆ ಅಂದರೆ, 'ನಾನು ಹೆಸರು ನೋಡಿ, ಹೇಗೆ ಹೇಳುವುದು ಎಂದು ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನೀವು ಎದ್ದುಬಿಡುತ್ತೀರಿ. ನೀವೇ ಎದ್ದುಬಿಟ್ಟರೆ ನಾನು ಕಲಿಯುವುದು ಯಾವಾಗ? ಇಪ್ಪತ್ತು ವರ್ಷ ಒಬ್ಬಾಕೆಯ ಹಲ್ಲು ನನಗೆ ಗೊತ್ತಿತ್ತು, ಹೆಸರು ಗೊತ್ತಾಗಲಿಲ್ಲ.' ಕನ್ನಡಿಯಲ್ಲಿ ನಿಮ್ಮ ತಮ್ಮನ ಮುಖ ನೋಡಿದೆ, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರೂ ಎದ್ದು ನಿಲ್ಲುವವರೇ. ಗುರುಕಿರಣ ಎಂದು ಅವರಿಗೆ ಆಫೀಸಿನಲ್ಲಿ ಯಾರೂ ಅಂದದ್ದಿಲ್ಲ, 'ಜಿ.ಕೆ.' ಅಂತಾರೆ. ನಮ್ಮ ಪಿ.ಕ್ಯೂ. ಬಡಾವಣೆಯ ಹಾಗೆ.

ಇದೆಲ್ಲ ತಲೆಯಲ್ಲಿ ಗಿರಗಿಟ್ಟಲೆ ತಿರುಗುತ್ತಿರುವಾಗ ನನಗೆ ಅತ್ತೆಯವರು ನೆನಪಾದರು. ಮದುವೆಯಾಗಿ ರಾಣೇಬೆನ್ನೂರಿಗೆ ಬಂದ ಹೊಸತರಲ್ಲಿ ಯಾರೋ ಬಾಗಿಲಿಗೆ ಬಂದು ಕೇಳಿದರು. ನಾನು ಒಳಗೆ ಹೋಗಿ, 'ಭಾನುಮತಿಯವರನ್ನು ಕೇಳ್ತಿದಾರೆ' ಅಂದೆ, ಶಾಲೆಯಲ್ಲಿ ಕಲಿಸಿದ ಹಾಗೆ ಭಕಾರವನ್ನು ಎದೆಯಿಂದ ಎತ್ತಿ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ನಕ್ಕರು. 'ಅಷ್ಟು ಉಸಿರು ಹಾಕಬ್ಯಾಡವಾ, ನಾ ಎಲ್ಲೂ ಓಡಿ ಹೋಗಂಗಿಲ್ಲ' ಅಂದರು. ಹೊರಗೆ ನಿಂತವರು ಕೇಳಿದ್ದು 'ಬಾನವ್ವ ಅದಾರೇನ್ರಿ' ಎಂದು. ಹೂವಿನವಳು 'ಬಾನಮ್ಮಾರ' ಎನ್ನುತ್ತಿದ್ದಳು, ಮಾವನವರು 'ಏ ಬಾನೂ', ಅವರ ತವರಿನವರು 'ಬಾನಿ'. ಊರಿನಲ್ಲಿ ಒಬ್ಬರ ಬಾಯಲ್ಲೂ ಭಾನುಮತಿ ಎಂಬುದು ಇಡಿಯಾಗಿ ಬಂದದ್ದನ್ನು ನಾನು ಕೇಳಿಲ್ಲ. ಎಲ್ಲದಕ್ಕೂ ಅವರು ತಿರುಗುತ್ತಿದ್ದರು. ರೊಟ್ಟಿ ಹಚ್ಚಿದ ಕೈಯಲ್ಲೇ, ಅವಸರವಿಲ್ಲದೆ, ಪೂರ್ತಿ ಕೂಗಿಸಿಕೊಂಡೇ 'ಬಂದ್ಯವಾ' ಅನ್ನುತ್ತಿದ್ದರು. ಅರ್ಧಕ್ಕೇ ಎದ್ದು ಓಡಿದ್ದನ್ನು ನಾನು ನೋಡಿಲ್ಲ.

ಮತ್ತೆ, ನೀವು ಒಂದೇ ಒಂದು ಸಲ ಹೇಳಿ ಆಮೇಲೆ ಎತ್ತದ ಮಾತು. ಹೋದ ವರ್ಷ ಮೇ ತಿಂಗಳು, ಕೊರೊನಾ ಕಾಲ, ದಾವಣಗೆರೆಯ ಆಸ್ಪತ್ರೆಯ ಅಂಗಳದಲ್ಲಿ ನೀವೊಬ್ಬರೇ ಕೂತಿದ್ದಿರಿ. ವಿಮಾನವಿಲ್ಲ, ದಾರಿಯಿಲ್ಲ, ನಾವು ಇಲ್ಲಿ ಫೋನು ಹಿಡಿದುಕೊಂಡು. ಮಾಸ್ಕ್ ಹಾಕಿದ ಹುಡುಗನೊಬ್ಬ ಕಿಟಕಿಯಿಂದ 'ಬಾನುಮತಿ ಕಡೆಯವರು ಯಾರ್ರಿ' ಎಂದು ಕೂಗಿದ. ನೀವು ಓಡಿದಿರಿ. ಅವನು ಹೇಳಬೇಕಾದದ್ದು ಹೇಳಿದ. ಆ ಹೆಸರನ್ನು ಜೋರಾಗಿ ಕೂಗಿದ್ದು ಅದೇ ಕೊನೆ ಎಂದು ನೀವು ಹೇಳಿದ್ದಿರಿ. ನಿಮಗೆ 'ಮಾಯಾ' ಎಂದಾಗ ಏನು ಕೇಳಿಸಿರಬಹುದು ಎಂಬುದು ನನಗೆ ಈಗ, ಈ ಕಾರಿನಲ್ಲಿ, ಇಷ್ಟು ತಡವಾಗಿ ಹೊಳೆಯುತ್ತಿದೆ. ಆದರೂ ಹೆದರಿಕೆ ಹೆದರಿಕೆಯೇ, ಅಕ್ಕಾ. ತಿಳಿದ ಕೂಡಲೇ ಹೋಗುವುದಿಲ್ಲ. ಆ ಕ್ಲಿನಿಕ್ಕಿನ ಬಾಗಿಲು ಇಲ್ಲಿಂದ ಕಾಣುತ್ತಿದೆ. ಕೌಂಟರಿನಲ್ಲಿ 'ಹೆಸರು?' ಎಂದು ಕೇಳುತ್ತಾರೆ. ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ. ಹನ್ನೊಂದೂವರೆ ಆಗುತ್ತಾ ಬಂತು, ಕೂಸು ಮುಷ್ಟಿ ಬಿಚ್ಚುತ್ತಿದ್ದಾಳೆ, ಇನ್ನು ಏಳುತ್ತಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮಾವನವರ ಪಾದಕ್ಕೆ ನಮ್ಮ ಮೂವರ ಶರಣು. ಪವನನಿಗೆ ಚೀಲ ಎತ್ತುವಷ್ಟು ಬುದ್ಧಿ ಬರಲಿ ಎಂದು ಅವನ ಮಾಮಿಯ ಹಾರೈಕೆ. ನಿಮಗೆ ಬೆನ್ನು ನೆಟ್ಟಗಾಗಲಿ, ಮನಸ್ಸು ನನ್ನ ಕಡೆಗೆ ಸ್ವಲ್ಪ ಬಾಗಲಿ.

ನಿಮ್ಮ ಮನೆಯ
ಹರ್ಷಿತಾ

ತಾ.ಕ.: ಮತ್ತೆ ಕಾರಿನಲ್ಲೇ ಇದ್ದೇನೆ. ಸೂಜಿ ಆಯಿತು, ಎರಡೂ ತೊಡೆಗೆ. ಅವಳು ಸ್ವಲ್ಪವೇ ಅತ್ತಳು, ನಾನು ಜಾಸ್ತಿ. ಕೌಂಟರಿನಲ್ಲಿ ಹೆಸರು ಕೇಳಿದರು. 'ಭಾನುಮತಿ' ಅಂದೆ. ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿ, ಬಂದು ಕೂತೆ. ಸ್ವಲ್ಪ ಹೊತ್ತಿಗೆ ನರ್ಸ್ ಹುಡುಗಿ ಬಾಗಿಲು ತೆಗೆದಳು, ಕಾಗದ ನೋಡಿದಳು, ಉಸಿರೆಳೆದು ನಿಂತಳು. ನನ್ನ ಕಾಲು ತಾನಾಗಿಯೇ ಏಳಲು ಹೋಯಿತು. ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದೆ. ಎಷ್ಟು ಹೊತ್ತು ಅನಿಸಿತೋ. ಆಮೇಲೆ ಅವಳು 'ಬಾ... ಬಾನೂಮಾಡಿ?' ಎಂದು ಆ ಕೋಣೆಗೆಲ್ಲ ಕೇಳುವ ಹಾಗೆ ಕೂಗಿದಳು. ಚೆನ್ನಕ್ಕ, ಅತ್ತೆಯವರ ಹೆಸರನ್ನು ಮತ್ತೊಮ್ಮೆ ಆಸ್ಪತ್ರೆಯಲ್ಲಿ ಕೂಗಿದರು, ಈ ಸಲ ಒಳಗೆ ಕರೆದುಕೊಂಡು ಹೋಗಲಿಕ್ಕೆ. ಆಗ ಎದ್ದೆ. ಬಾನುಮತಿ ಕಡೆಯವಳು ನಾನು.

ಆದರೆ ನೀವು ಹೇಳದೆ ಅವಳಿಗೆ ಹೆಸರು ಹತ್ತುವುದಿಲ್ಲ. ವೀಸಾ ಬರುವ ತನಕ ಕಾಯುವುದು ಬೇಡ. ಕಾಗದ ಮುಟ್ಟಿದ ಮೇಲೆ ಬರುವ ಮೊದಲ ಭಾನುವಾರ ಬೆಳಿಗ್ಗೆ, ನಿಮ್ಮ ಅಂಗಡಿ ತೆಗೆಯುವ ಮೊದಲು, ಫೋನು ಮಾಡುತ್ತೇನೆ, ಎತ್ತಿ. ಅವಳ ಕಿವಿಗೆ ಫೋನು ಹಿಡಿಯುತ್ತೇನೆ. ತೊಟ್ಟಿಲ ಶಾಸ್ತ್ರದ ಹಾಗೆ 'ಕುರ್ರ್' ಅಂದು, ಹೆಸರನ್ನು ನಿಮ್ಮ ಬಾಯಿಗೆ ಹೇಗೆ ಬರುತ್ತದೋ ಹಾಗೇ ಹೇಳಿ, ಭ ಬೇಡ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳುವಾಗ ಹೆಂಗಸರೆಲ್ಲ ಬೆನ್ನಿಗೆ ಗುದ್ದುವುದು ಯಾಕೆ ಎಂದು ನಾನೊಮ್ಮೆ ಕೇಳಿದಾಗ ಅತ್ತೆ, 'ಅತ್ತಿ ಅನ್ನಾಕಿ ಹೆಸರಿಟ್ಟು ಸುಮ್ಮನ ಹೋಗಬಾರದಲ್ಲ' ಅಂದಿದ್ದರು. ಇಲ್ಲಿಂದ ನನ್ನ ಕೈ ಎಟುಕುವುದಿಲ್ಲ. ಪವನನನ್ನು ಹಿಂದೆ ನಿಲ್ಲಿಸಿಕೊಳ್ಳಿ. ಬೆನ್ನು ಇನ್ನೂ ನೋಯುತ್ತಿದ್ದರೆ ಮೆತ್ತಗೆ ಗುದ್ದಲಿ, ಆದರೆ ಗುದ್ದಲಿ. ಸದ್ದು ನಮಗೆ ಇಲ್ಲಿ ಕೇಳಬೇಕು.